ಒಮ್ಮೆಯೂ ಕೆಡದ ಯಂತ್ರವನ್ನು ಎಷ್ಟು ನಂಬಬಹುದು?

ಪ್ರಶ್ನೆ: ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಎಂಬ, ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರದಲ್ಲಿ, ಅಪಾಯ ಕಂಡೊಡನೆ ಪ್ರೋಟಾನ್ ಕಿರಣವನ್ನು ಹೊರಹಾಕುವ ವ್ಯವಸ್ಥೆಯ ವಿಶ್ವಾಸಾರ್ಹತೆಯನ್ನು ಸಂಖ್ಯಾಶಾಸ್ತ್ರದ ಮೂಲಕ ಅಳೆದಿದ್ದಾರಂತೆ. ಪರೀಕ್ಷೆಯಲ್ಲಿ ಒಮ್ಮೆಯೂ ಕೆಡದಿದ್ದರೆ ಅಷ್ಟೇ ಸಾಲದೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸಾಲದು. ಉಪಕರಣವೊಂದು 10,000 ಗಂಟೆ ಓಡಿಯೂ ಕೆಡದಿದ್ದರೆ, ಅದು ಕೆಡುವ ದರ ಗಂಟೆಗೆ 10,000ಕ್ಕೆ 3ನ್ನು ಮೀರದು ಎಂದಷ್ಟೇ ಶೇ 95ರ ವಿಶ್ವಾಸದಿಂದ ಹೇಳಬಹುದು. ಇದಕ್ಕೆ ‘ಮೂರರ ನಿಯಮ’ ಎನ್ನುತ್ತಾರೆ. ನೀವು ಕೇಳಿದ ವ್ಯವಸ್ಥೆಗೆ ಇಟ್ಟುಕೊಂಡ ಗುರಿಯಾದರೋ ಗಂಟೆಗೆ ಕೋಟಿಗೆ ಒಂದಕ್ಕಿಂತ ಕಡಿಮೆ. ಪರೀಕ್ಷೆಯೊಂದರಿಂದಲೇ ಇದನ್ನು ತೋರಿಸಬೇಕಾದರೆ ಮೂರು ಕೋಟಿ ಗಂಟೆ, ಅಂದರೆ ಸುಮಾರು 3,400 ವರ್ಷ ಬೇಕು.

ಆದ್ದರಿಂದ ವ್ಯವಸ್ಥೆಯನ್ನು ಬಿಡಿಭಾಗಗಳಾಗಿ ಒಡೆದು ಲೆಕ್ಕ ಹಾಕುತ್ತಾರೆ. ಪ್ರತಿ ಕಿರಣವನ್ನು ಪಥದಿಂದ ಹೊರಕ್ಕೆ ತಿರುಗಿಸಲು 15 ‘ಕಿಕರ್’ ಕಾಂತಗಳಿವೆ. 14 ಕೆಲಸ ಮಾಡಿದರೂ ಸಾಕು. ಉದಾಹರಣೆಗೆಂದು, ಒಂದೊಂದು ಕಾಂತವೂ ಕೈಕೊಡುವ ಸಂಭವ 10,000ಕ್ಕೆ 1 ಎಂದು ಇಟ್ಟುಕೊಳ್ಳೋಣ. ಹದಿನೈದೂ ಬೇಕೇ ಬೇಕು ಎಂದಿದ್ದರೆ ವೈಫಲ್ಯದ ಸಂಭವ 10,000ಕ್ಕೆ 15 ಆಗುತ್ತಿತ್ತು. ಎರಡು ಒಟ್ಟಿಗೆ ಕೆಟ್ಟರೆ ಮಾತ್ರ ತೊಂದರೆ ಎನ್ನುವಾಗ, ಅಂಥ 105 ಜೋಡಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಸಂಭವ 10 ಲಕ್ಷಕ್ಕೆ ಸುಮಾರು ಒಂದಕ್ಕೆ ಇಳಿಯುತ್ತದೆ. ಆದರೆ ಒಂದು ಕಾಂತ ಯಾರಿಗೂ ತಿಳಿಯದಂತೆ ಮೊದಲೇ ಕೆಟ್ಟಿದ್ದರೆ ಉಳಿದ ಹದಿನಾಲ್ಕೂ ತಪ್ಪದೆ ಕೆಲಸ ಮಾಡಲೇಬೇಕಾಗುತ್ತದೆ, ಅಪಾಯ ಮತ್ತೆ 10,000ಕ್ಕೆ 14ಕ್ಕೆ ಏರುತ್ತದೆ. ಇದೇ ಕಾರಣಕ್ಕೆ ಪ್ರತಿ ಸಲ ಕಿರಣ ಹೊರಹಾಕಿದ ಮೇಲೆ ಒಂದೊಂದು ಕಾಂತದ ವಿದ್ಯುತ್ ಸ್ಪಂದನವನ್ನೂ ಪರಿಶೀಲಿಸಿ, ಎಲ್ಲವೂ ಸರಿಯಿದ್ದರೆ ಮಾತ್ರ ಮುಂದಿನ ಕಿರಣವನ್ನು ಒಳಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಹೆಚ್ಚುವರಿ ಕಾಂತದಷ್ಟೇ ಬೆಲೆ ಈ ಪರಿಶೀಲನೆಗೂ ಇದೆ.

ಮೇಲಿನ ಗುಣಾಕಾರ ನಿಲ್ಲುವುದು ಭಾಗಗಳು ಒಂದನ್ನೊಂದು ಅವಲಂಬಿಸದೆ ಕೆಡುತ್ತವೆ ಎಂಬ ಊಹೆಯ ಮೇಲೆ. ಎಲ್ಲ ಕಾಂತಗಳಿಗೂ ಒಂದೇ ಸಂಕೇತ ಅಥವಾ ಒಂದೇ ವಿದ್ಯುತ್ ಮೂಲವಿದ್ದು ಅದೇ ನಿಂತುಹೋದರೆ ಹದಿನೈದಿದ್ದೂ ಪ್ರಯೋಜನವಿಲ್ಲ. ವಿಶ್ಲೇಷಕರು ಹೆಚ್ಚಿನ ಶ್ರಮ ಹಾಕಬೇಕಾದದ್ದು ಈ ಸಮಾನ ಕಾರಣಗಳ ಹುಡುಕಾಟಕ್ಕೆ.

ಇನ್ನು ಪಟ್ಟಿಗೇ ಬಾರದ ದೋಷವನ್ನು ಯಾವ ಸೂತ್ರವೂ ಹಿಡಿಯಲಾರದು. 2008ರ ಸೆಪ್ಟೆಂಬರ್ 19ರಂದು ಇದೇ ಯಂತ್ರದಲ್ಲಿ, ಕಿರಣವೇ ಇಲ್ಲದ ವೇಳೆಯಲ್ಲಿ, ಎರಡು ಕಾಂತಗಳ ನಡುವಿನ ವಿದ್ಯುತ್ ಬೆಸುಗೆ ಕೆಟ್ಟು, ಕಾಂತಗಳನ್ನು ತಂಪಾಗಿಡುವ ದ್ರವ ಹೀಲಿಯಂ ಸೋರಿ, ಸುರಂಗದಲ್ಲಿ ದೊಡ್ಡ ಹಾನಿಯಾಯಿತು; ಯಂತ್ರ ಮತ್ತೆ ಆರಂಭವಾದದ್ದು 2009ರ ನವೆಂಬರ್‌ನಲ್ಲಿ. ಆ ದುರಸ್ತಿಯ ವೇಳೆ ಇಂಥ ಬೆಸುಗೆಗಳ ಮೇಲೆ ಸದಾ ಕಣ್ಣಿಡುವ ಹೊಸ ಸುರಕ್ಷತಾ ಪದರವೊಂದನ್ನು ಅಳವಡಿಸಿದರು.