ಗಡಿಯಾರ ತಿರುಗಿಸುವ ಸರ್ಕಾರ

ಪ್ರಶ್ನೆ: ನಮ್ಮ ಮಗಳು ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾಳೆ. ಸಂಜೆ ಐದಕ್ಕೆ ಕೆಲಸ ಮುಗಿಸಿ ಫೋನ್ ಮಾಡುತ್ತಾಳೆ. ಚಳಿಗಾಲವೆಲ್ಲ ಆ ಕರೆ ನಮ್ಮ ರಾತ್ರಿ ಒಂಬತ್ತೂವರೆಗೆ ಬರುತ್ತಿತ್ತು. ಮಾರ್ಚ್ ಕೊನೆಯಿಂದ ಎಂಟೂವರೆಗೇ ಬರುತ್ತಿದೆ, ಸರಿಯಾಗಿ ನಾನು ಮುದ್ದೆ ಕಟ್ಟುವ ಹೊತ್ತಿಗೆ. ಕೇಳಿದರೆ, ಅಲ್ಲಿ ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟರು ಎನ್ನುತ್ತಾಳೆ. ಹೀಗೂ ಉಂಟೇ? ನಮ್ಮಲ್ಲೇಕೆ ಇಲ್ಲ?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಉಂಟು ತಾಯಿ. ಮಾರ್ಚ್‌ನ ಕೊನೆಯ ಭಾನುವಾರ ನಸುಕಿನಲ್ಲಿ ಜರ್ಮನಿಯ ಗಡಿಯಾರಗಳು ಎರಡರಿಂದ ನೇರವಾಗಿ ಮೂರಕ್ಕೆ ಹೋಗುತ್ತವೆ. ಅಕ್ಟೋಬರ್‌ನ ಕೊನೆಯ ಭಾನುವಾರ ಮೂರು ಮತ್ತೆ ಎರಡಾಗುತ್ತದೆ. ಆ ರಾತ್ರಿ ದಾರಿಯಲ್ಲಿರುವ ರೈಲುಗಳು ವೇಳಾಪಟ್ಟಿಗೆ ಹೊಂದಿಕೊಳ್ಳಲು ಯಾವುದಾದರೂ ನಿಲ್ದಾಣದಲ್ಲಿ ಒಂದು ಗಂಟೆ ಸುಮ್ಮನೆ ನಿಲ್ಲುತ್ತವೆ. ನಮ್ಮ ರೈಲುಗಳಿಗೆ ನಿಲ್ಲಲು ಅಂಥ ನೆಪ ಬೇಕಿಲ್ಲ, ಬಿಡಿ.

ಇಡೀ ದೇಶಕ್ಕೆ ಇದನ್ನು ಮೊದಲು ಹೇರಿದವರು ಜರ್ಮನ್ನರು ಮತ್ತು ಅವರ ಮಿತ್ರರಾಗಿದ್ದ ಆಸ್ಟ್ರಿಯಾ-ಹಂಗೇರಿಯವರು. 1916ರ ಏಪ್ರಿಲ್ 30ರ ರಾತ್ರಿ ಹನ್ನೊಂದು ಬಾರಿಸುವಾಗ ಮುಳ್ಳನ್ನು ಹನ್ನೆರಡಕ್ಕೆ ಸರಿಸಿದರು. ಮೊದಲ ಮಹಾಯುದ್ಧ ನಡೆದಿತ್ತು, ಕಲ್ಲಿದ್ದಲು ಉಳಿಸಬೇಕಿತ್ತು. ಸಂಜೆ ಬೆಳಕಿದ್ದರೆ ದೀಪ ಹಚ್ಚುವುದು ತಡವಾಗುತ್ತದೆ, ಅಷ್ಟೇ ಲೆಕ್ಕ. ತಮಾಷೆಯೆಂದರೆ, ಎದುರಾಳಿ ಬ್ರಿಟನ್ ಮೂರು ವಾರದೊಳಗೆ ಇದನ್ನೇ ನಕಲು ಮಾಡಿತು.

ಯುದ್ಧ ಮುಗಿದಾಗ ಜರ್ಮನ್ನರು ಇದನ್ನು ಕೈಬಿಟ್ಟರು. 1940ರಲ್ಲಿ, ಮತ್ತೆ ಯುದ್ಧ, ಮತ್ತೆ ಇದೇ ಪಾಡು. ಸೋತ ಮೇಲಂತೂ ಗಡಿಯಾರವೂ ಅವರ ಕೈಯಲ್ಲಿ ಉಳಿಯಲಿಲ್ಲ: 1945ರ ಬೇಸಿಗೆಯಲ್ಲಿ ಬರ್ಲಿನ್ ಮಾಸ್ಕೋ ಸಮಯದಂತೆ ನಡೆಯಿತು. 1947ರಲ್ಲಿ ಕೆಲವು ವಾರ ಎರಡು ಗಂಟೆ ಮುಂದಿಟ್ಟದ್ದೂ ಉಂಟು. 1950ರಿಂದ ಮೂವತ್ತು ವರ್ಷ ಆ ಗೊಡವೆ ಇರಲಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ನೆರೆಯ ಫ್ರಾನ್ಸ್ ಶುರುಮಾಡಿದರೂ ಪಶ್ಚಿಮ ಜರ್ಮನಿ ಹಿಂದೆಮುಂದೆ ನೋಡಿತು. ಗೋಡೆಯಿಂದ ಒಡೆದ ಬರ್ಲಿನ್ನಿನಲ್ಲಿ ಆಚೆಗೊಂದು ಸಮಯ, ಈಚೆಗೊಂದು ಸಮಯವಾದರೆ ಗತಿಯೇನು? ಕೊನೆಗೆ 1980ರ ಏಪ್ರಿಲ್ 6ರಂದು ಎರಡೂ ಜರ್ಮನಿಗಳು ಒಟ್ಟಿಗೆ ಮುಳ್ಳು ಸರಿಸಿದವು. ರಾಜಕೀಯ ಕೂಡಿಸದಿದ್ದವರನ್ನು ಗಡಿಯಾರ ಕೂಡಿಸಿತು.

ಇಂಧನ ಉಳಿಯುತ್ತದೆ ಎಂಬ ವಾದದಲ್ಲಿ ಈಗ ಹುರುಳಿಲ್ಲ ಎಂದೇ ನನ್ನ ಅನಿಸಿಕೆ. ಸಂಜೆಯ ದೀಪದಲ್ಲಿ ಉಳಿದದ್ದನ್ನು ಬೆಳಗಿನ ಚಳಿಯಲ್ಲಿ ಮನೆ ಬೆಚ್ಚಗಿಡುವುದು ನುಂಗುತ್ತದೆ. ಜನರಿಗೂ ಸಾಕಾಗಿದೆ. 2018ರಲ್ಲಿ ಯುರೋಪಿಯನ್ ಒಕ್ಕೂಟ ಅಭಿಪ್ರಾಯ ಕೇಳಿದಾಗ ಬಂದ 46 ಲಕ್ಷ ಉತ್ತರಗಳಲ್ಲಿ ಶೇ. 84 ಈ ತಿರುಗಾಟ ಬೇಡವೆಂದವು. ಸುಮಾರು 30 ಲಕ್ಷ ಉತ್ತರಗಳು ಜರ್ಮನ್ನರವೇ. ಮರುವರ್ಷ ಯುರೋಪಿನ ಸಂಸತ್ತು, 2021ಕ್ಕೆ ನಿಲ್ಲಿಸೋಣ ಎಂದು ಮತ ಹಾಕಿತು. ಸದಸ್ಯ ದೇಶಗಳು ಒಪ್ಪಂದಕ್ಕೆ ಬರಲಿಲ್ಲ, ಕಡತ ಅಲ್ಲೇ ಕೂತಿತು.

ಇನ್ನು ನಮ್ಮ ವಿಷಯ. ಮ್ಯೂನಿಕ್‌ನಲ್ಲಿ ಜೂನ್‌ನ ಹಗಲಿಗೂ ಡಿಸೆಂಬರ್‌ನ ಹಗಲಿಗೂ ಎಂಟು ಗಂಟೆಯ ಹತ್ತಿರ ವ್ಯತ್ಯಾಸ. ಮೈಸೂರಿನಲ್ಲಿ ಒಂದೂವರೆ ಗಂಟೆ. ಇಷ್ಟಕ್ಕೆ ದೊಡ್ಡ ಗಡಿಯಾರದ ಮುಳ್ಳನ್ನು ಯಾರು ಹತ್ತಿ ತಿರುಗಿಸುತ್ತಾರೆ? ಆದರೂ ಭಾರತದಲ್ಲಿ ಇಂಥದ್ದು ನಡೆದೇ ಇಲ್ಲವೆನ್ನಲಾಗದು. ಎರಡನೆಯ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ಬ್ರಿಟಿಷ್ ಸರ್ಕಾರ ಭಾರತದ ಸಮಯವನ್ನೂ ಒಂದು ಗಂಟೆ ಮುಂದಿಟ್ಟಿತ್ತು.

ಸದ್ಯಕ್ಕೆ, ಅಕ್ಟೋಬರ್ ಕೊನೆಯವರೆಗೆ ಮಗಳಿಗೆ ಐದರ ಬದಲು ಆರಕ್ಕೆ ಕರೆ ಮಾಡಲು ಹೇಳಿ. ನಿಮಗೆ ಹಳೆಯ ಒಂಬತ್ತೂವರೆಯೇ ಆಗುತ್ತದೆ, ಮುದ್ದೆಯೂ ಕೆಡುವುದಿಲ್ಲ.