ಸಾಸಿವೆ ಸಿಕ್ಕಿಕೊಂಡ ಡಿಶ್‌ವಾಷರ್

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಡಿಶ್‌ವಾಷರ್ ಬಗ್ಗೆಯೇ ಇವೆ. 2020ರ ಲಾಕ್‌ಡೌನ್‌ನಲ್ಲಿ ಮನೆಕೆಲಸದವರು ಬರಲು ಆಗಲಿಲ್ಲ. ಎಷ್ಟೋ ಮನೆಗಳಿಗೆ ಈ ಯಂತ್ರ ಮೊದಲು ಬಂದಿದ್ದೇ ಆಗ. ಅವುಗಳ ವಾರಂಟಿ ಮುಗಿದಿದೆ, ತೊಂದರೆ ಶುರುವಾಗಿದೆ. ನಾನು 22 ವರ್ಷ ಬೆಂಗಳೂರಿನಲ್ಲಿ ಮನೆಮನೆಗೆ ಹೋಗಿ ವಾಷಿಂಗ್ ಮಷೀನ್, ಡಿಶ್‌ವಾಷರ್ ರಿಪೇರಿ ಮಾಡಿದವನು. "ಕೆಟ್ಟುಹೋಗಿದೆ, ಬೇಗ ಬನ್ನಿ" ಎಂದು ಕರೆದ ಮನೆಗಳಲ್ಲಿ ಎಷ್ಟೋ ಸಲ ಯಂತ್ರ ಕೆಟ್ಟೇ ಇರುತ್ತಿರಲಿಲ್ಲ. ಒಳಗೆ ಕೊಳೆ ಕಟ್ಟಿರುತ್ತಿತ್ತು, ಅಷ್ಟೇ. ಅದಕ್ಕೆ ಯಾರೂ ಸಾವಿರಗಟ್ಟಲೆ ದುಡ್ಡು ಕಳೆದುಕೊಳ್ಳಬಾರದು ಅನ್ನುವುದು ನನ್ನ ಆಸೆ.

ಪ್ರಶ್ನೆ: ನಮ್ಮ ಯಂತ್ರಕ್ಕೆ 5 ವರ್ಷ. ಕೆಳಗಿನ ಪಾತ್ರೆಗಳು ಪರವಾಗಿಲ್ಲ. ಮೇಲಿನ ಟ್ರೇಯ ಲೋಟಗಳು ಮಾತ್ರ ತೊಳೆಯುವುದೇ ಇಲ್ಲ, ಮರಳಿನಂಥದ್ದು ಅಂಟಿರುತ್ತದೆ. ನೋಡಲು ಬಂದವರು ಮೋಟಾರ್ ಹೋಗಿದೆ, 9 ಸಾವಿರ ಆಗುತ್ತದೆ ಅಂದರು. ಹಾಕಿಸಲೇ?
— ಓದುಗರೊಬ್ಬರು, ಯಲಹಂಕ

ಸ್ವಲ್ಪ ತಡೆಯಿರಿ ಸಾರ್. ಸಾಮಾನ್ಯವಾಗಿ ಮೇಲಕ್ಕೂ ಕೆಳಕ್ಕೂ ನೀರು ತಳ್ಳುವುದು ಒಂದೇ ಮೋಟಾರ್. ಅದು ಹೋಗಿದ್ದರೆ ಕೆಳಗಿನ ಪಾತ್ರೆಗಳೂ ಕೊಳೆಯಾಗೇ ಉಳಿಯಬೇಕಿತ್ತು, ಅಲ್ವಾ? ಮೊದಲು ಮೇಲಿನ ಸ್ಪ್ರೇ ಆರ್ಮ್ ಬಿಚ್ಚಿ ನೋಡಿ. ಟ್ರೇಯ ಅಡಿಯಲ್ಲಿ ತಿರುಗುತ್ತಾ ನೀರು ಚಿಮ್ಮುತ್ತದಲ್ಲ, ಆ ರೆಕ್ಕೆ.

ರಾಜಾಜಿನಗರದ ಒಂದು ಮನೆಯಲ್ಲಿ ಇದೇ ದೂರು ಇತ್ತು. ರೆಕ್ಕೆ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಮಗುವಿನ ಗಿಲಕಿಯ ಹಾಗೆ ಸದ್ದು ಮಾಡಿತು. ಒಳಗೆಲ್ಲ ಸಾಸಿವೆ! ಒಂದೊಂದು ತೂತಿಗೆ ಒಂದೊಂದು ಕಾಳು ಅಳತೆ ಮಾಡಿ ಇಟ್ಟ ಹಾಗೆ ಕೂತಿತ್ತು. ಜೊತೆಗೆ ಒಂದು ನಿಂಬೆ ಬೀಜ, ಕರಿಬೇವಿನ ಕಡ್ಡಿಯ ಚೂರು. ಆ ಮನೆಯವರಿಗೂ ಯಾರೋ ಮೋಟಾರ್ ಬದಲಿಸಲು ಹೇಳಿದ್ದರು.

ಸಾಸಿವೆ ಅಲ್ಲಿಗೆ ಹೋಗಿದ್ದು ಹೇಗೆ? ಡಿಶ್‌ವಾಷರ್ ಪ್ರತಿ ಪಾತ್ರೆಗೆ ಹೊಸ ನೀರು ಹಾಕುವುದಿಲ್ಲ. ಒಂದೊಂದು ಹಂತದಲ್ಲಿ ಮೂರ್ನಾಲ್ಕು ಲೀಟರ್ ತೆಗೆದುಕೊಂಡು, ಅದನ್ನೇ ಮತ್ತೆ ಮತ್ತೆ ಮೇಲಕ್ಕೆ ಚಿಮ್ಮಿಸುತ್ತದೆ. ಒಂದು ಸಲದ ತೊಳೆತ ಸುಮಾರು 10 ಲೀಟರಿನಲ್ಲಿ ಮುಗಿಯುವುದು ಹೀಗಾಗಿಯೇ. ಹಾಗೆ ಸುತ್ತುವ ನೀರಿನಿಂದ ಕಸ ಹಿಡಿದಿಡುವುದು ತಳದಲ್ಲಿರುವ ಫಿಲ್ಟರ್ ಒಂದೇ. ತೊಳೆದು ಹಾಕುವಾಗ ಅದು ಸರಿಯಾಗಿ ಕೂರದಿದ್ದರೆ ಪಕ್ಕದ ಸಂದಿಯಿಂದ ಕಸ ನುಗ್ಗಿ, ಮೋಟಾರ್ ದಾಟಿ, ರೆಕ್ಕೆಯ ತೂತಿಗೆ ಬಂದು ನಿಲ್ಲುತ್ತದೆ. ಹಾಗಾಗಿ ರೆಕ್ಕೆಯಲ್ಲಿ ಸಾಸಿವೆ ಸಿಕ್ಕರೆ ಫಿಲ್ಟರನ್ನು ಅನುಮಾನಿಸಿ.

ಪ್ಲಗ್ ತೆಗೆಯಿರಿ. ಮೇಲಿನ ಟ್ರೇ ಹೊರಗೆ ಎಳೆಯಿರಿ. ಹೆಚ್ಚಿನ ಯಂತ್ರಗಳಲ್ಲಿ ರೆಕ್ಕೆಯ ನಡುವೆ ಕೈಯಲ್ಲೇ ಬಿಚ್ಚುವ ನಟ್ ಅಥವಾ ಕ್ಲಿಪ್ ಇರುತ್ತದೆ. ಬಿಚ್ಚಿ ನಲ್ಲಿಯ ಕೆಳಗೆ ಹಿಡಿಯಿರಿ. ಎಲ್ಲ ತೂತಿನಿಂದಲೂ ನೀರು ಬರಬೇಕು. ಬರದ ಕಡೆ ತೆಂಗಿನ ಪೊರಕೆಯ ಒಂದು ಕಡ್ಡಿ ಸಾಕು. ಪಿನ್ನು, ಸೂಜಿ ಬೇಡ. ತೂತು ದೊಡ್ಡದಾದರೆ ನೀರಿನ ರಭಸ ಹೋಗುತ್ತದೆ. ಹಾಕಿದ ಮೇಲೆ ಕೈಯಿಂದ ಒಮ್ಮೆ ತಿರುಗಿಸಿ. ಸಲೀಸಾಗಿ ತಿರುಗಬೇಕು. ಪ್ರತಿ ಸಲ ಪಾತ್ರೆ ಜೋಡಿಸಿದ ಮೇಲೂ ಹೀಗೇ ತಿರುಗಿಸಿ ನೋಡುವುದು ಒಳ್ಳೆಯದು. ಉದ್ದನೆಯ ಸೌಟೊಂದು ಅಡ್ಡ ಬಂದರೂ ರೆಕ್ಕೆ ನಿಂತುಬಿಡುತ್ತದೆ. ಇದೆಲ್ಲ ಆದ ಮೇಲೂ ಲೋಟ ತೊಳೆಯದಿದ್ದರೆ ಆಗ ಮೋಟಾರ್ ಮಾತಾಡೋಣ.

ಪ್ರಶ್ನೆ: ಸ್ಟೀಲ್ ಲೋಟ, ಗಾಜಿನ ಬಟ್ಟಲುಗಳ ಮೇಲೆ ಬಿಳಿ ಪುಡಿ ಬಳಿದ ಹಾಗೆ ಆಗುತ್ತದೆ. ನಮ್ಮದು ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಟಿಡಿಎಸ್ ಮೀಟರಿನಲ್ಲಿ 700 ತೋರಿಸುತ್ತದೆ. ಡಿಶ್‌ವಾಷರ್ ಸಾಲ್ಟ್ ದುಬಾರಿ. ಅಡುಗೆ ಉಪ್ಪೋ ಕಲ್ಲುಪ್ಪೋ ಹಾಕಿದರೆ ಆಗದೇ?
— ಗೃಹಿಣಿ, ಹೆಸರಘಟ್ಟ ರಸ್ತೆ

ಅಮ್ಮ, ನಮ್ಮ ಮನೆಯೂ ಬೋರ್‌ವೆಲ್ ನೀರಿನದೇ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಬಿಳಿ ಕಲೆ ಯಾವುದು ಅಂತ ನೋಡಿ. ಅರ್ಧ ನಿಂಬೆಹಣ್ಣನ್ನು ಗಾಜಿನ ಲೋಟಕ್ಕೆ ಉಜ್ಜಿ 5 ನಿಮಿಷ ಬಿಡಿ. ತೊಳೆದಾಗ ಕಲೆ ಹೋದರೆ ಅದು ಗಡಸು ನೀರಿನ ಸುಣ್ಣ. ಹೋಗದೆ ಮಬ್ಬಾಗೇ ಉಳಿದರೆ ಗಾಜೇ ಸವೆದಿದೆ ಎಂದರ್ಥ. ನೀರು ತೀರಾ ಮೆದುವಾಗಿ, ಡಿಟರ್ಜೆಂಟ್ ಪುಡಿ ಜಾಸ್ತಿ ಹಾಕಿ, ಬಿಸಿಯೂ ಜಾಸ್ತಿ ಇಟ್ಟರೆ ಹಾಗಾಗುತ್ತದೆ. ಆ ಮಬ್ಬು ಮತ್ತೆ ಹೋಗುವುದಿಲ್ಲ. ನಿಮ್ಮದು ಸುಣ್ಣವೇ ಇರಬೇಕು.

ಯಂತ್ರದ ಒಳಗೆ ರವೆಯಂಥ ಸಣ್ಣ ಗುಂಡುಗಳು ತುಂಬಿದ ಒಂದು ಡಬ್ಬಿ ಇದೆ. ಆ ಗುಂಡುಗಳಿಗೆ ರೆಸಿನ್ ಅನ್ನುತ್ತಾರೆ. ನೀರು ಒಳಗೆ ಬರುವಾಗ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಈ ಗುಂಡುಗಳಿಗೆ ಅಂಟಿಕೊಂಡು, ಬದಲಿಗೆ ಸೋಡಿಯಂ ನೀರಿಗೆ ಬರುತ್ತದೆ. ನೀರು ಮೆದುವಾಗುತ್ತದೆ. ಕೆಲವು ತೊಳೆತ ಆದ ಮೇಲೆ ಗುಂಡುಗಳು ತುಂಬಿಹೋಗುತ್ತವೆ. ಆಗ ಯಂತ್ರ ಉಪ್ಪುನೀರು ಹಾಯಿಸಿ ಅವನ್ನು ತೊಳೆದು, ಆ ನೀರನ್ನು ಮೋರಿಗೆ ಬಿಡುತ್ತದೆ. ನೀವು ಹಾಕುವ ಸಾಲ್ಟ್ ಇಷ್ಟಕ್ಕೇ. ಪಾತ್ರೆ ತೊಳೆಯುವುದಕ್ಕಲ್ಲ.

ಈಗ ಉಪ್ಪಿನ ವಿಷಯ. ಪ್ಯಾಕೆಟ್ಟಿನ ಅಡುಗೆ ಉಪ್ಪು ನುಣ್ಣಗೆ ಇರುತ್ತದೆ. ಗಂಟು ಕಟ್ಟದಿರಲಿ ಅಂತ ಅದಕ್ಕೆ ಬೇರೆ ಪುಡಿಯನ್ನೂ ಸೇರಿಸಿರುತ್ತಾರೆ. ಸಾಲ್ಟ್ ಡಬ್ಬಿಯೊಳಗೆ ಅದು ಕೆಸರಿನ ಹಾಗೆ ಕೂತು ದಾರಿ ಮುಚ್ಚುತ್ತದೆ. ಕಲ್ಲುಪ್ಪು ದಪ್ಪಗಿದ್ದರೂ ಸಮುದ್ರದ್ದು. ಅದರಲ್ಲಿ ಮಣ್ಣಿನ ಜೊತೆ ಮೆಗ್ನೀಸಿಯಂ ಕೂಡ ಇರುತ್ತದೆ. ಯಾವುದನ್ನು ಹೊರಹಾಕಬೇಕೋ ಅದನ್ನೇ ಒಳಗೆ ಹಾಕಿದ ಹಾಗಾಗುತ್ತದೆ. ದಯವಿಟ್ಟು ಬೇಡ. ರೆಸಿನ್ ಡಬ್ಬಿ ಬದಲಿಸುವ ಖರ್ಚಿನಲ್ಲಿ ತುಂಬಾ ದಿನಕ್ಕೆ ಆಗುವಷ್ಟು ಸಾಲ್ಟ್ ಬರುತ್ತದೆ.

ಟಿಡಿಎಸ್ 700 ಎಂದು ಬರೆದಿದ್ದೀರಿ. ಅದು ನೀರಿನಲ್ಲಿ ಕರಗಿದ ಎಲ್ಲದರ ಲೆಕ್ಕ. ಡಿಶ್‌ವಾಷರ್‌ಗೆ ಬೇಕಿರುವುದು ಗಡಸುತನ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲೆಕ್ಕ ಮಾತ್ರ. ಅದಕ್ಕೆ ಬೇರೆ ಪಟ್ಟಿ ಅಥವಾ ಹನಿ ಹಾಕಿ ನೋಡುವ ಕಿಟ್ ಬರುತ್ತದೆ. ಅಕ್ವೇರಿಯಂ ಅಂಗಡಿಯಲ್ಲೂ ಸಿಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪುತ್ತಾರೆ. ತುಂಬಾ ಯಂತ್ರಗಳ ಪುಸ್ತಕದಲ್ಲಿ ಗಡಸುತನದ ಲೆಕ್ಕ ಜರ್ಮನ್ ಡಿಗ್ರಿಯಲ್ಲಿ ಇರುತ್ತದೆ. ಕಿಟ್ ತೋರಿಸಿದ ಮಿಲಿಗ್ರಾಂ ಲೆಕ್ಕವನ್ನು 18ರಿಂದ ಭಾಗಿಸಿ. 360 ಬಂದರೆ 20 ಡಿಗ್ರಿ. ಆ ಸಂಖ್ಯೆಗೆ ಪುಸ್ತಕ ಹೇಳುವ ಸೆಟ್ಟಿಂಗನ್ನು ಯಂತ್ರದಲ್ಲಿ ಇಡಬೇಕು. ಸಾಲ್ಟ್ ಹಾಕುತ್ತಿದ್ದರೂ ಬಿಳಿ ಹೋಗಿಲ್ಲ ಎನ್ನುವ ಮನೆಗಳಲ್ಲಿ ನಾನು ಹೆಚ್ಚಾಗಿ ಕಂಡ ತಪ್ಪು ಇದೇ. ಕೊಂಡ ದಿನದ ಸೆಟ್ಟಿಂಗ್ ಹಾಗೇ ಇರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಶುರುವಾದರೆ ಮತ್ತೊಮ್ಮೆ ಅಳೆಯಿರಿ.

ಇನ್ನೊಂದು ಮಾತು. ಸಾಲ್ಟ್ ತುಂಬಿದ ಕೂಡಲೇ ಒಂದು ತೊಳೆತ ಓಡಿಸಿ. ತುಂಬುವಾಗ ಡಬ್ಬಿಯ ಹೊರಗೆ ಚೆಲ್ಲಿದ ಉಪ್ಪುನೀರು ರಾತ್ರಿಯೆಲ್ಲ ನಿಂತರೆ ಸ್ಟೀಲ್ ತಳಕ್ಕೂ ತುಕ್ಕು ಬರುತ್ತದೆ. ರಿನ್ಸ್ ಏಡ್ ಎಂಬ ದ್ರವ ಹಾಕುವುದನ್ನೂ ತಪ್ಪಿಸಬೇಡಿ. ಅದು ನೀರನ್ನು ಹನಿಯಾಗಿ ನಿಲ್ಲಲು ಬಿಡದೆ ಜಾರಿಸುತ್ತದೆ. ಹನಿ ಒಣಗಿದ ಕಡೆಯೇ ಕಲೆ ಉಳಿಯುವುದು.

ಪ್ರಶ್ನೆ: ವಿನಿಗರ್ ಮತ್ತು ಅಡುಗೆ ಸೋಡಾ ಸೇರಿಸಿ ಓಡಿಸಿದರೆ ಯಂತ್ರ ಫಳಫಳ ಹೊಳೆಯುತ್ತದೆ ಎಂದು ವಿಡಿಯೋದಲ್ಲಿ ನೋಡಿದೆ. ನಿಜವೇ?
— ಕಾಲೇಜು ವಿದ್ಯಾರ್ಥಿನಿ, ಹುಬ್ಬಳ್ಳಿ

ನೊರೆ ಬರುತ್ತದೆ, ನೋಡಲು ಚೆನ್ನಾಗಿರುತ್ತದೆ. ಒಂದು ಹುಳಿ, ಇನ್ನೊಂದು ಕ್ಷಾರ. ಸೇರಿಸಿದರೆ ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತದೆ. ಸುಣ್ಣ ಕರಗಬೇಕಾದರೆ ಹುಳಿ ಮಾತ್ರ ಸಾಕು. ನಾನು ಸಿಟ್ರಿಕ್ ಆಸಿಡ್ ಬಳಸುತ್ತೇನೆ. ಎರಡು ಮೂರು ತಿಂಗಳಿಗೊಮ್ಮೆ ಖಾಲಿ ಯಂತ್ರದ ತಳಕ್ಕೆ ಸುಮಾರು 100 ಗ್ರಾಂ ಹಾಕಿ, ಡಿಟರ್ಜೆಂಟ್ ಇಲ್ಲದೆ ಬಿಸಿ ತೊಳೆತ ಓಡಿಸಿ. ಪದೇ ಪದೇ ವಿನಿಗರ್ ಹಾಕಿದರೆ ರಬ್ಬರಿಗೆ ಒಳ್ಳೆಯದಲ್ಲ. ಬ್ಲೀಚ್ ಅಂತೂ ಬೇಡವೇ ಬೇಡ ಮಗಳೇ. ಅದು ಸ್ಟೀಲನ್ನು ತಿನ್ನುತ್ತದೆ. ಹುಳಿಯ ಜೊತೆ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಉಸಿರಿಗೆ ಅಪಾಯ.

ಪ್ರಶ್ನೆ: ಮುದ್ದೆ ಮಾಡಿದ ಪಾತ್ರೆ ಸರಿಯಾಗಿ ತೊಳೆಯುವುದಿಲ್ಲ. ಅಲ್ಯೂಮಿನಿಯಂ ಕುಕ್ಕರ್ ಕಪ್ಪಾಗಿದೆ. ಎಲ್ಲವನ್ನೂ ಒಮ್ಮೆ ತೊಳೆದೇ ಒಳಗೆ ಇಡಬೇಕೆ? ಹಾಗಾದರೆ ಯಂತ್ರ ಯಾಕೆ?
— ಓದುಗರೊಬ್ಬರು, ಮಂಡ್ಯ

ತೊಳೆಯುವುದು ಬೇಡ, ಬಳಿದರೆ ಸಾಕು. ಕರಿಬೇವು, ಒಗ್ಗರಣೆ, ತೆಂಗಿನ ಚರಟ, ನುಗ್ಗೆಕಾಯಿ ಸಿಪ್ಪೆ ಎಲ್ಲ ಕಸದ ಬುಟ್ಟಿಗೆ ಹೋಗಲಿ. ಉಳಿದ ಸಾರಿನ ಜಿಡ್ಡನ್ನು ಯಂತ್ರಕ್ಕೆ ಬಿಡಿ. ಡಿಟರ್ಜೆಂಟಿನಲ್ಲಿರುವ ಎಂಜೈಮುಗಳು ಗಂಜಿ, ಬೇಳೆಯಂಥದ್ದನ್ನು ಒಡೆಯಲೆಂದೇ ಇವೆ.

ರಾಗಿ ಮಾತ್ರ ಬೇರೆ. ಒಣಗಿದರೆ ಗೋಂದಿನ ಹಾಗೆ ಹಿಡಿಯುತ್ತದೆ. ಮುದ್ದೆ ತಿರುವಿದ ಪಾತ್ರೆಗೆ ಆಗಲೇ ತಣ್ಣೀರು ಹಾಕಿ ಅರ್ಧ ಗಂಟೆ ನೆನೆಯಲು ಬಿಡಿ. ಕೈಯಲ್ಲಿ ಉಜ್ಜಿದರೆ ಪದರವೇ ಎದ್ದು ಬರುತ್ತದೆ. ಆಮೇಲೆ ಒಳಗಿಡಿ.

ಅಲ್ಯೂಮಿನಿಯಂ ಕಪ್ಪಾಗುವುದು ಡಿಟರ್ಜೆಂಟಿನ ಕ್ಷಾರಕ್ಕೆ. ಇನ್ನು ಮುಂದೆ ಆ ಕುಕ್ಕರನ್ನು ಕೈಯಲ್ಲೇ ತೊಳೆಯಿರಿ. ಕಬ್ಬಿಣದ ಕಾವಲಿ, ಕಲಾಯಿ ಹಾಕಿದ ಹಿತ್ತಾಳೆ, ತಾಮ್ರದ ಚೊಂಬು, ಮರದ ಸೌಟು, ಲಟ್ಟಣಿಗೆ ಇವು ಯಾವುದೂ ಬೇಡ. ನಮ್ಮ ಅಮ್ಮನ ಒಂದು ಹಿತ್ತಾಳೆ ಪಾತ್ರೆ ಗೊತ್ತಿಲ್ಲದೆ ಒಳಗೆ ಹೋಗಿ ಬಣ್ಣ ಕಳೆದುಕೊಂಡಿತು. ಇವತ್ತಿಗೂ ನೋಡಿದಾಗ ಸಂಕಟವಾಗುತ್ತದೆ. ಪ್ಲಾಸ್ಟಿಕ್ ಡಬ್ಬಿಗೆ ಅರಿಶಿನ ಹತ್ತಿ ಹಳದಿಯಾಗಿದ್ದರೆ ಚಿಂತೆ ಬೇಡ, ಬಿಸಿಲಿಗೆ ಇಡಿ. ಬಿಸಿಲಿಗೆ ಅರಿಶಿನದ ಬಣ್ಣ ನಿಲ್ಲುವುದಿಲ್ಲ.

ಪ್ರಶ್ನೆ: ಬಾಗಿಲು ತೆರೆದರೆ ಕೆಟ್ಟ ವಾಸನೆ. ಮುಂದಿನ ತಿಂಗಳು ಮಗಳ ಮನೆಗೆ ನಾಲ್ಕು ತಿಂಗಳು ಹೋಗುತ್ತಿದ್ದೇವೆ. ಯಂತ್ರವನ್ನು ಹೇಗೆ ಬಿಟ್ಟು ಹೋಗಲಿ?
— ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ವಾಸನೆ ಬಹುಪಾಲು ಜಿಡ್ಡಿನದು. ದಿನವೂ ಕಡಿಮೆ ಬಿಸಿಯಲ್ಲಿ ತೊಳೆದರೆ ತುಪ್ಪ, ಕೊಬ್ಬರಿ ಎಣ್ಣೆ ಪೂರ್ತಿ ಹೋಗದೆ ಒಳಗೆಲ್ಲೋ ಗಟ್ಟಿಯಾಗುತ್ತವೆ. ತಿಂಗಳಿಗೆ ಒಂದೆರಡು ಸಲವಾದರೂ 65–70 ಡಿಗ್ರಿಯ ತೊಳೆತ ಕೊಡಿ. ಬಾಗಿಲ ರಬ್ಬರಿನ ಮಡಿಕೆಯನ್ನು, ಮುಖ್ಯವಾಗಿ ಬಾಗಿಲ ಕೆಳ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ. ಅಲ್ಲಿಗೆ ನೀರು ತಾಗುವುದಿಲ್ಲ, ಕಸ ಮಾತ್ರ ಸೇರುತ್ತದೆ.

ಹೊರಡುವ ಮುನ್ನ ಒಂದು ಬಿಸಿ ತೊಳೆತ ಓಡಿಸಿ, ಫಿಲ್ಟರ್ ತೊಳೆದು ಹಾಕಿ, ನಲ್ಲಿ ಮುಚ್ಚಿ, ಪ್ಲಗ್ ತೆಗೆಯಿರಿ. ಬಾಗಿಲನ್ನು ಎರಡು ಬೆರಳಿನಷ್ಟು ತೆರೆದಿಡಿ. ಇದಕ್ಕಿಂತ ಮುಖ್ಯವಾದದ್ದು ಜಿರಳೆ ಮತ್ತು ಇಲಿ. ಬೆಚ್ಚಗಿನ ಜಾಗ ಹುಡುಕುವ ಜಿರಳೆ ಬಾಗಿಲ ಒಳಗಿನ ಎಲೆಕ್ಟ್ರಾನಿಕ್ ಬೋರ್ಡಿಗೆ ಹೋಗಿ ಸೇರುತ್ತದೆ. ಇಲಿ ಡ್ರೈನ್ ಪೈಪ್ ಕಡಿಯುತ್ತದೆ. ಯಂತ್ರದ ಹಿಂದೆ ಗೋಡೆಯಲ್ಲಿ ಪೈಪ್ ಹೋಗುವ ತೂತನ್ನು ಮುಚ್ಚಿಸಿ. ಬಂದ ಮೇಲೆ ಮೊದಲ ಸಲ ಖಾಲಿ ಓಡಿಸುವಾಗ ಪಕ್ಕದಲ್ಲೇ ಇದ್ದು ನೆಲ ಒದ್ದೆಯಾಗುತ್ತದೆಯೇ ನೋಡಿ.

ಪ್ರಶ್ನೆ: ನನಗೆ 71 ವರ್ಷ. ಬೆರಳಿನ ಗಂಟು ನೋವು. ಪಾತ್ರೆ ಉಜ್ಜಬಾರದೆಂದು ಮಗ ಯಂತ್ರ ಕೊಡಿಸಿದ್ದಾನೆ. ಒಂದು ವರ್ಷವಾಯಿತು, ಫಿಲ್ಟರ್ ಮುಟ್ಟಲು ಭಯ. ಮುರಿದರೆ?
— ನಿವೃತ್ತ ಶಿಕ್ಷಕಿ, ಮೈಸೂರು

ಮುರಿಯುವುದಿಲ್ಲ ಮೇಡಂ. ತೆಗೆದು ಹಾಕಲೆಂದೇ ಮಾಡಿದ ಭಾಗ ಅದು. ಯಂತ್ರದ ತಳದವರೆಗೆ ಬಗ್ಗಲು ಕಷ್ಟವಾದರೆ ಒಂದು ಗಿಡ್ಡ ಮಣೆ ಹಾಕಿಕೊಂಡು ಕೂತು ಮಾಡಿ.

ಯಂತ್ರ ಆರಿಸಿ, ಕೆಳಗಿನ ಟ್ರೇ ಹೊರಗಿಡಿ. ತಳದಲ್ಲಿ ಒಂದು ಲೋಟದಂಥ ಜಾಲರಿ ಕಾಣುತ್ತದೆ. ಡಬ್ಬಿಯ ಮುಚ್ಚಳ ತೆಗೆಯುವ ಹಾಗೆ ಎಡಕ್ಕೆ ತಿರುಗಿಸಿದರೆ ಮೇಲೆ ಬರುತ್ತದೆ. ಅದರ ಕೆಳಗಿನ ಚಪ್ಪಟೆ ಜಾಲರಿಯನ್ನೂ ಎತ್ತಿ. ಕೆಳಗೆ ಸ್ವಲ್ಪ ನೀರು ನಿಂತಿರುತ್ತದೆ, ಅದು ಹಾಗೇ ಇರಬೇಕಾದದ್ದು. ಆ ಗುಂಡಿಗೆ ಬರಿಗೈ ಹಾಕಬೇಡಿ, ಒಡೆದ ಗಾಜಿನ ಚೂರು ಇರಬಹುದು. ಹಳೆಯ ಚಮಚದಿಂದ ಕಸ ತೆಗೆಯಿರಿ. ಜಾಲರಿಗಳನ್ನು ಬಿಸಿನೀರಿನಲ್ಲಿ ಪಾತ್ರೆ ಸೋಪು ಹಾಕಿ 10 ನಿಮಿಷ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ. ತಂತಿ ನಾರು ಬೇಡ. ಒಂದು ವರ್ಷದ ಕೊಳೆ ಒಂದೇ ಸಲಕ್ಕೆ ಹೋಗದಿರಬಹುದು. ಎರಡನೇ ವಾರಕ್ಕೆ ಸಲೀಸಾಗುತ್ತದೆ. ಆಮೇಲೆ ವಾರಕ್ಕೊಮ್ಮೆ ಐದು ನಿಮಿಷದ ಕೆಲಸ.

ಮೊದಲು ಚಪ್ಪಟೆ ಜಾಲರಿ, ಅದರ ಮೇಲೆ ಲೋಟ. ಬಲಕ್ಕೆ ತಿರುಗಿಸಿ, ಸಾಮಾನ್ಯವಾಗಿ ಬಾಣದ ಗುರುತುಗಳು ಎದುರುಬದುರಾಗಿ ನಿಲ್ಲುತ್ತವೆ. ಯಲಹಂಕದವರಿಗೆ ಮೇಲೆ ಹೇಳಿದ ಸಾಸಿವೆಯ ಕತೆ ನಿಮಗೂ ಬೇಕು. ಬೆರಳಿನಿಂದ ಲೋಟವನ್ನು ಹಿಡಿದು ಮೇಲಕ್ಕೆ ಎಳೆದು ನೋಡಿ. ಅಲುಗಾಡಿದರೆ ಇನ್ನೊಮ್ಮೆ ತಿರುಗಿಸಿ. ಅಲುಗದಿದ್ದರೆ ಟ್ರೇ ಒಳಗಿಡಿ, ಪಾತ್ರೆ ಜೋಡಿಸಿ.