ಓದುಗರ ಪ್ರಶ್ನೆ, ನಮ್ಮ ಉತ್ತರ: ಜನರಲ್ ತಿಮ್ಮಯ್ಯ

ಪ್ರಶ್ನೆ: ಶಾಲೆಯ ಭಾಷಣವೊಂದರಲ್ಲಿ ‘ಫೀಲ್ಡ್ ಮಾರ್ಷಲ್ ತಿಮ್ಮಯ್ಯ’ ಎಂದರು. ಸರಿಯೇ? (ಹಾಸನದ ಓದುಗರು)

ಉತ್ತರ: ಸರಿಯಲ್ಲ. ನಮ್ಮ ಸೇನೆಯಲ್ಲಿ ಫೀಲ್ಡ್ ಮಾರ್ಷಲ್ ಆದವರು ಇಬ್ಬರೇ: 1973ರಲ್ಲಿ ಮಾಣೆಕ್ ಷಾ, 1986ರಲ್ಲಿ ಕೆ.ಎಂ. ಕಾರಿಯಪ್ಪ. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ನಾಲ್ಕು ನಕ್ಷತ್ರದ ಜನರಲ್. ಕಾರಿಯಪ್ಪ, ತಿಮ್ಮಯ್ಯ ಇಬ್ಬರೂ ಕೊಡಗಿನವರು, ಇಬ್ಬರೂ ಸೇನೆಯ ಮುಖ್ಯಸ್ಥರಾಗಿದ್ದವರು. ಹಾಗಾಗಿ ಹೆಸರು ಅದಲು ಬದಲಾಗುತ್ತಿರುತ್ತದೆ. ಬೆಂಗಳೂರಿನ ರೆಸಿಡೆನ್ಸಿ ರಸ್ತೆಗೆ ಕಾರಿಯಪ್ಪನವರ ಹೆಸರು, ಪಕ್ಕದ ರಿಚ್ಮಂಡ್ ರಸ್ತೆಗೆ ತಿಮ್ಮಯ್ಯನವರ ಹೆಸರು. ಆಟೋದವರ ಬಾಯಲ್ಲಿ ಮಾತ್ರ ಇನ್ನೂ ಹಳೆಯ ಹೆಸರುಗಳೇ.

ಪ್ರಶ್ನೆ: 1948ರಲ್ಲಿ ಜೋಜಿ ಲಾ ಪಾಸ್‌ಗೆ ತಿಮ್ಮಯ್ಯ ಟ್ಯಾಂಕ್ ಹತ್ತಿಸಿದರು ಅನ್ನುತ್ತಾರೆ. ಅಷ್ಟೆತ್ತರಕ್ಕೆ ಅದು ಸಾಧ್ಯವಾದದ್ದು ಹೇಗೆ? (ಶಿವಮೊಗ್ಗದ ಓದುಗರು)

ಉತ್ತರ: ‘ಲಾ’ ಅಂದರೇನೇ ಘಟ್ಟದ ದಾರಿ; ‘ಜೋಜಿ ಲಾ ಪಾಸ್’ ಎಂದರೆ ‘ಗೇಟು ಬಾಗಿಲು’ ಎಂದಂತೆ. ಎತ್ತರ ಸುಮಾರು 11,500 ಅಡಿ. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಇದೇ. ಕಾಶ್ಮೀರಕ್ಕಾಗಿ ಪಾಕಿಸ್ತಾನದ ಜೊತೆ ನಡೆದ ಯುದ್ಧದಲ್ಲಿ ಆ ವರ್ಷ ದ್ರಾಸ್, ಕಾರ್ಗಿಲ್‌ಗಳ ಜೊತೆ ಈ ಘಟ್ಟವೂ ಎದುರಾಳಿಯ ಕೈಸೇರಿತ್ತು. ಲೇಹ್‌ಗೆ ಉಳಿದದ್ದು ಆಕಾಶಮಾರ್ಗ ಒಂದೇ. ಮೇ 24ರಂದು ಅಲ್ಲಿ ಮೊದಲ ಡಕೋಟ ಇಳಿಸಿದವರು ಏರ್ ಕಮೋಡೋರ್ ಮೆಹರ್ ಸಿಂಗ್. ಅದೇ ವಿಮಾನದಲ್ಲಿ ತಿಮ್ಮಯ್ಯನವರೂ ಕೂತಿದ್ದರು. ಆದರೆ ಡಕೋಟಗಳನ್ನು ನಂಬಿ ಇಡೀ ಚಳಿಗಾಲ ಲಡಾಖನ್ನು ಉಳಿಸಿಕೊಳ್ಳುವುದು ಆಗದ ಮಾತು.

ಸೆಪ್ಟೆಂಬರಿನಲ್ಲಿ ಕಾಲಾಳುಗಳಿಂದ ನಡೆದ ದಾಳಿ ಸೋತಿತು. ಕಾರಣ ಧೈರ್ಯದ ಕೊರತೆಯಲ್ಲ, ನೆಲದ ಲೆಕ್ಕ. ಘಟ್ಟ ದಾಟಿದ ಮೇಲೆ ಗುಮ್ರಿಯ ಬಯಲು. ಸುತ್ತಲ ಬಂಡೆಗಳಲ್ಲಿ ಕೊರೆದ ಬಂಕರುಗಳಿಂದ ಮೆಷಿನ್‌ಗನ್ ಗುಂಡು. ದೂರದಿಂದ ಮೇಲಕ್ಕೆ ಹಾರಿ ಬೀಳುವ ಫಿರಂಗಿ ಗುಂಡು ಬಂಡೆಯ ಮೇಲೆ ಸಿಡಿಯುತ್ತದೆ, ಒಳಗೆ ಕೂತವನಿಗೆ ತಾಗುವುದಿಲ್ಲ. ಬೇಕಿದ್ದದ್ದು ಬಂಕರಿನ ಕಿಂಡಿಗೇ ನೇರ ಹೊಡೆಯುವ ತೋಪು, ಅದೂ ಗುಂಡಿನ ಮಳೆಯಲ್ಲಿ ಹತ್ತಿರ ಹೋಗಬಲ್ಲದ್ದು. ಅಂಥದ್ದು ಟ್ಯಾಂಕ್ ಒಂದೇ.

ಆರಿಸಿದ್ದು 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಹಗುರ ಟ್ಯಾಂಕುಗಳನ್ನು: 37 ಮಿಲಿಮೀಟರ್ ತೋಪು, ತೂಕ ಸುಮಾರು 15 ಟನ್. ಹಗುರ ಎಂಬುದು ಟ್ಯಾಂಕಿನವರ ಭಾಷೆ. ಕಾಶ್ಮೀರದ ಸೇತುವೆಗಳಿಗೆ ಅದೂ ಭಾರವೇ. ಅದಕ್ಕೇ ಟರೆಟ್ ಅನ್ನು, ಅಂದರೆ ತೋಪು ಕೂರುವ ತಿರುಗುವ ತಲೆಯನ್ನು, ಬಿಚ್ಚಿ ಬೇರೆ ಸಾಗಿಸಿದರು. ಇದರಿಂದ ಎರಡು ಲಾಭ: ತೂಕ ಇಳಿಯಿತು; ಮುಸುಕು ಹಾಕಿದರೆ ನೋಡಿದವನಿಗೆ ಟ್ಯಾಂಕೆಂದು ಗೊತ್ತಾಗಲಿಲ್ಲ. ಶ್ರೀನಗರ ದಾಟಿಸಿದ್ದು ಕರ್ಫ್ಯೂ ಹಾಕಿ, ರಾತ್ರಿ ಹೊತ್ತು. ಸುದ್ದಿ ಮೊದಲೇ ಮುಟ್ಟಿದ್ದರೆ ಎದುರಾಳಿ ಟ್ಯಾಂಕ್ ಹೊಡೆಯುವ ಆಯುಧ ತಂದಿಟ್ಟುಕೊಳ್ಳುತ್ತಿದ್ದ, ಅಲ್ಲಿಗೆ ಕಥೆ ಮುಗಿಯುತ್ತಿತ್ತು.

ಇನ್ನು ಘಟ್ಟದ ಬುಡದ ಬಾಲ್ತಾಲ್‌ನಿಂದ ಮೇಲಕ್ಕೆ ಸುಮಾರು 2,500 ಅಡಿ ಏರು. ಇದ್ದದ್ದು ಹೇಸರಗತ್ತೆ ನಡೆಯುವ ದಾರಿ. ಅದನ್ನು ಕಡಿದು, ಸಿಡಿಸಿ, ಟ್ಯಾಂಕಿನ ಅಗಲಕ್ಕೆ ತಂದವರು ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಎಂಜಿನಿಯರ್ ದಳದವರು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲೇ ಇವರ ಕೇಂದ್ರ. ಎತ್ತರದ ತೆಳುಗಾಳಿಯಲ್ಲಿ ಎಂಜಿನ್ ಶಕ್ತಿ ಸಾವಿರ ಅಡಿಗೆ ಹೆಚ್ಚುಕಡಿಮೆ ಶೇ. 3ರಷ್ಟು ಕುಗ್ಗುತ್ತದೆ. ಘಟ್ಟದ ತಲೆ ಮುಟ್ಟುವಷ್ಟರಲ್ಲಿ ಮೂರರಲ್ಲೊಂದು ಪಾಲು ಮಾಯ. ಅದರ ಮೇಲೆ ಹಿಮ: ಚೈನಿನ ಪಟ್ಟಿ ಜಾರಿದರೆ ಪಕ್ಕದಲ್ಲಿ ಕಂದರ.

ಹವಾಮಾನ ಕೆಟ್ಟು ದಾಳಿ ಮುಂದಕ್ಕೆ ಹೋಗುತ್ತಾ ನವೆಂಬರ್ 1ಕ್ಕೆ ಬಂತು. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ‘ಸ್ಪ್ಯಾರೋ’ ಅವರ ಟ್ಯಾಂಕುಗಳು ಗುಮ್ರಿಗೆ ನುಗ್ಗಿ ಬಂಕರುಗಳನ್ನು ಒಂದೊಂದಾಗಿ ಬಾಯಿ ಮುಚ್ಚಿಸಿದವು, ಹಿಂದೆಯೇ ಕಾಲಾಳುಗಳು. ಡಿವಿಜನ್ನಿನ ಮುಖ್ಯಸ್ಥರಾದ ತಿಮ್ಮಯ್ಯ ತಾವೇ ಮುಂದಿನ ಟ್ಯಾಂಕೊಂದರಲ್ಲಿದ್ದರು. ಮೇಜರ್ ಜನರಲ್ ಕೂರಬೇಕಾದ ಜಾಗ ಅದಲ್ಲ ಎಂದು ಸೇನಾ ಶಾಲೆಯಲ್ಲಿ ಹೇಳಿಕೊಡುತ್ತಾರೆ, ನಾವೂ ಒಪ್ಪುತ್ತೇವೆ. ಆದರೆ ಹುಚ್ಚು ಅನ್ನಿಸಬಹುದಾದ ಯೋಜನೆಗೆ ಜನರನ್ನು ಕಳಿಸುವಾಗ ಯೋಜನೆ ಹಾಕಿದವನೇ ಜೊತೆಗಿರುವುದಕ್ಕೆ ಬೇರೆಯೇ ತೂಕವಿದೆ. ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಎರಡೂ ಕೈಗೆ ಬಂದವು.

ಪ್ರಶ್ನೆ: ಸೇನೆಯ ಮುಖ್ಯಸ್ಥರಾಗಿದ್ದಾಗಲೇ ರಾಜೀನಾಮೆ ಕೊಟ್ಟಿದ್ದರಂತೆ? (ಮೈಸೂರಿನ ಓದುಗರು)

ಉತ್ತರ: ಹೌದು, 1959ರ ಆಗಸ್ಟ್ 31ರಂದು. ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದಾಣಿಕೆ ಇರಲಿಲ್ಲ; ಬಡ್ತಿಗಳ ವಿಷಯದಲ್ಲಿ, ಅದರಲ್ಲೂ ಸೇನಾಧಿಕಾರಿ ಬಿ.ಎಂ. ಕೌಲ್ ಅವರ ಬಡ್ತಿಯಲ್ಲಿ, ಜಗಳ ಬಿಗಡಾಯಿಸಿತ್ತು. ನೆಹರು ಕರೆಸಿ ಮಾತಾಡಿದರು, ತಿಮ್ಮಯ್ಯ ರಾಜೀನಾಮೆ ವಾಪಸು ಪಡೆದರು. ನಮ್ಮ ಅಭಿಪ್ರಾಯದಲ್ಲಿ ತಪ್ಪಾದದ್ದು ವಾಪಸು ಪಡೆದದ್ದರಲ್ಲಿ. ಸುದ್ದಿ ಅಷ್ಟರಲ್ಲೇ ಹೊರಬಿದ್ದಿತ್ತು. ಸಚಿವರೂ ಉಳಿದರು, ಕಾರಣವೂ ಉಳಿಯಿತು, ಮುಖ್ಯಸ್ಥರ ಮಾತಿನ ಬೆಲೆ ಇಳಿಯಿತು. 1961ರ ಮೇನಲ್ಲಿ ಅವಧಿ ಮುಗಿಸಿ ನಿವೃತ್ತರಾದರು. ಮರುವರ್ಷ ಚೀನಾ ಯುದ್ಧ.

ಪ್ರಶ್ನೆ: ಅವರು ತೀರಿಕೊಂಡದ್ದು ಎಲ್ಲಿ? ಕೊಡಗಿನಲ್ಲಿ ನೋಡುವಂಥದ್ದೇನಿದೆ? (ಧಾರವಾಡದ ಓದುಗರು)

ಉತ್ತರ: ಸೈಪ್ರಸ್‌ನಲ್ಲಿ, 1965ರ ಡಿಸೆಂಬರ್ 18ರಂದು, ವಿಶ್ವಸಂಸ್ಥೆಯ ಶಾಂತಿಪಡೆಯ ಕಮಾಂಡರ್ ಆಗಿದ್ದಾಗಲೇ. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರ ಫೆಬ್ರವರಿಯಿಂದ ವಸ್ತುಸಂಗ್ರಹಾಲಯವಾಗಿದೆ. ದಾರಿ ಕೇಳುವಾಗ ‘ಹಳೇ ಆರ್‌ಟಿಒ ಆಫೀಸು’ ಎನ್ನಿ. ಬಹಳ ವರ್ಷ ಅದೇ ಕಟ್ಟಡದಲ್ಲಿ ಲೈಸೆನ್ಸ್ ಕೊಡುತ್ತಿದ್ದರು.